ಎಣ್ಣೆಯಿಲ್ಲದ ಬೇರಿಂಗ್: ಗ್ಯಾಲಿಯಂ ಮಿಶ್ರಲೋಹದ ಮೇಲೆ 30 ಸಾವಿರ ಆರ್‌ಪಿಎಂ

20 ಮಿ.ಮೀ. ಶಾಫ್ಟ್, ಅದನ್ನು ಸುತ್ತುವ ಅಷ್ಟೇ ಉದ್ದದ ಕೊಳವೆ (ಸ್ಲೀವ್), ನಡುವೆ ಸುತ್ತಲೂ 25 ಮೈಕ್ರಾನ್ ಸಂದು. ಸಂದಿನಲ್ಲಿ ಎಣ್ಣೆಯ ಬದಲು, ತೂಕದಲ್ಲಿ ಗ್ಯಾಲಿಯಂ 75.5%, ಇಂಡಿಯಂ 24.5% ಇರುವ ದ್ರವ ಮಿಶ್ರಲೋಹ. ‘ಇಷ್ಟು ತೆಳು ದ್ರವ ಶಾಫ್ಟ್ ಹೊರುತ್ತದಾ?’ ಎಂದು ನಕ್ಕವರೇ ಜಾಸ್ತಿ. ಈಗ 30 ಸಾವಿರ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಓಡುತ್ತಿದೆ. ಹೊರುವುದು ಸುಲಭದ ಭಾಗ. ಕೆಲಸ ಕೆಡಿಸುವುದು ಗಾಳಿ ತಾಗಿ ಹುಟ್ಟುವ ಆಕ್ಸೈಡ್, ಮತ್ತು ದ್ರವ ಲೋಹ ಹಿಡಿದು ಹರಡದ ಶಾಫ್ಟ್, ಸ್ಲೀವುಗಳ ಮೈ.

ಈ ದಾರಿ ಹೊಸದೇನಲ್ಲ. ಬಾಹ್ಯಾಕಾಶಕ್ಕೆಂದು ಅಮೆರಿಕ ರೂಪಿಸಿದ ಪರಮಾಣು ವಿದ್ಯುತ್ ಯಂತ್ರ ಸ್ನ್ಯಾಪ್-2 ಪಾದರಸದ ಆವಿಯಿಂದ ಓಡುವಂಥದ್ದು; ಅದರಲ್ಲಿ ಟರ್ಬೈನ್, ಆಲ್ಟರ್ನೇಟರ್, ಪಂಪ್ ಎಲ್ಲ ಒಂದೇ ಶಾಫ್ಟ್ ಮೇಲಿದ್ದವು. ಬೇರಿಂಗಿಗೂ ಅದೇ ಪಾದರಸ. ಸ್ನ್ಯಾಪ್-8ರಲ್ಲಿ ಬಾಲ್ ಬೇರಿಂಗಿಗೆ ಪಾಲಿಫಿನೈಲ್ ಈಥರ್ ಎಂಬ ಎಣ್ಣೆ ಹಾಕಿದರು, ಆಗ ಪಾದರಸಕ್ಕೂ ಎಣ್ಣೆಗೂ ನಡುವೆ ಸೀಲಿನ ಗೋಳು ಬಂತು. ಯಂತ್ರದೊಳಗಿನ ದ್ರವವೇ ಬೇರಿಂಗಿಗೂ ಆದರೆ ಆ ಗೋಳಿಲ್ಲ. ಬಾಹ್ಯಾಕಾಶದ ನಿಜವಾದ ಯಂತ್ರಕ್ಕೆ ಪೊಟ್ಯಾಸಿಯಂ ಬೇಕಾದೀತು. ಬೆಂಚಿನ ಮೇಲೆ ಬೆಂಕಿ ಹಚ್ಚಿಕೊಳ್ಳುವ ಆಸೆ ಇಲ್ಲದ್ದರಿಂದ ಗ್ಯಾಲಿಯಂ.

ಶಾಫ್ಟನ್ನು ನೆಟ್ಟಗೆ ನಿಲ್ಲಿಸಿಯೇ ಪರೀಕ್ಷೆ ಮಾಡಬೇಕು. ಮಲಗಿಸಿದರೆ ಅದರ ತೂಕವೇ ಅದನ್ನು ಒಂದು ಬದಿಗೆ ಒತ್ತಿ ಸ್ಥಿರವಾಗಿಡುತ್ತದೆ. ಬಾಹ್ಯಾಕಾಶದಲ್ಲಿ ಆ ಉಪಕಾರ ಸಿಗದು. ನೆಟ್ಟಗೆ ನಿಂತ ಸಾದಾ ಸ್ಲೀವಿನಲ್ಲಿ 10 ಸಾವಿರ ದಾಟುವ ಮೊದಲೇ ಅರ್ಧ ವೇಗದ ವರ್ಲ್ (ತಿರುಗುವ ಶಾಫ್ಟೇ ತನ್ನ ಅರ್ಧ ವೇಗದಲ್ಲಿ ಸಂದಿನೊಳಗೆ ಸುತ್ತು ಹೊಡೆಯುವುದು) ಶುರು, ಸ್ವಲ್ಪ ಹೊತ್ತಿಗೆ ಶಾಫ್ಟ್ ಗೀರಿ ಹಾಳು. ಶಾಫ್ಟಿನ ಮೇಲೆ ಹೆರಿಂಗ್‌ಬೋನ್ ಗ್ರೂವ್ (ಮೀನಿನ ಮುಳ್ಳಿನಂತೆ ಸಾಲಾಗಿ ಕೊರೆದ ‘ವಿ’ ಆಕಾರದ ಗೀರು) ಬಂದ ಮೇಲೆ ಶಾಂತವಾಯಿತು. ಆಳ ಸುಮಾರು 25 ಮೈಕ್ರಾನ್, ಕೋನ 30 ಡಿಗ್ರಿಯ ಹತ್ತಿರ, ಗ್ರೂವ್ ಮತ್ತು ದಿಣ್ಣೆ ಸಮ ಅಗಲ. ಲೇಸರ್‌ನಿಂದ ಕೊರೆದರೆ ಗ್ರೂವ್ ಅಂಚಿನಲ್ಲಿ ಕರಗಿದ ಗಂಟು ಉಳಿಯುತ್ತದೆ. ನಮ್ಮ ಶಾಫ್ಟ್ ಮಾಲಿಬ್ಡಿನಂ ಮಿಶ್ರಲೋಹದ್ದು; ಅದಕ್ಕೆ ಫೆರಿಸೈನೈಡ್ ಮತ್ತು ಕಾಸ್ಟಿಕ್ ದ್ರಾವಣದಲ್ಲಿ ಕರಗಿಸಿ ಕೊರೆಯುವ ಎಚ್ಚಿಂಗೇ ವಾಸಿ.

ಗ್ರೂವ್ ಆಯ್ಕೆಗೆ ದುಬಾರಿ ಲೋಹ ಸುರಿಯಬೇಕಿಲ್ಲ, ಬಿಸಿನೀರು ಸಾಕು. 90 ಡಿಗ್ರಿ ಬಿಸಿನೀರಿನ ಕೈನೆಮ್ಯಾಟಿಕ್ ಸ್ನಿಗ್ಧತೆ (ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು) ಈ ಮಿಶ್ರಲೋಹದ್ದಕ್ಕೆ ಹೆಚ್ಚುಕಡಿಮೆ ಸಮ, ಸುಮಾರು 0.32 ಸೆಂಟಿಸ್ಟೋಕ್. ಹರಿವು ನಯವೋ ಸುಳಿಸುಳಿಯೋ ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಅದೇ ಸಿಗುತ್ತದೆ. ನೀರಿನ ಸಾಂದ್ರತೆ ಮಾತ್ರ ಆರೂವರೆ ಪಟ್ಟು ಕಡಿಮೆ, ಹಾಗಾಗಿ ವರ್ಲ್ ಹತ್ತುವ ವೇಗ ಬೇರೆ. ಯಾವ ಗ್ರೂವ್ ಯಾವುದಕ್ಕಿಂತ ಮೇಲು ಎನ್ನುವುದು ಮಾತ್ರ ಗೊತ್ತಾಗುತ್ತದೆ. ನಾಸಾದ ಲೂಯಿಸ್ ಕೇಂದ್ರದವರೂ ಹೊರೆಯಿಲ್ಲದ ಬೇರಿಂಗ್‌ಗಳನ್ನು ನೀರಿನಲ್ಲಿ ಪರೀಕ್ಷಿಸಿದ್ದರು.

ಶಾಖದ ಲೆಕ್ಕ ಲ್ಯಾಮಿನಾರ್ (ನಯವಾದ ಹರಿವಿನ) ಸೂತ್ರದಲ್ಲಿ ಹಾಕಿದರೆ 100 ವ್ಯಾಟ್ ಬರುತ್ತದೆ. ಆದರೆ ರೆನಾಲ್ಡ್ಸ್ ಸಂಖ್ಯೆ 2,400ರ ಆಸುಪಾಸು, ಹರಿವು ಟರ್ಬುಲೆಂಟ್ (ಸುಳಿಸುಳಿಯಾದದ್ದು). ನಿಜದಲ್ಲಿ 280 ವ್ಯಾಟ್. ಕೂಲಿಂಗ್ ಜಾಕೆಟ್ ಇದಕ್ಕೆ ತಕ್ಕಂತಿರಲಿ.

ಇನ್ನು ಶಾಫ್ಟ್, ಸ್ಲೀವುಗಳ ಮೈಗೆ ದ್ರವ ಲೋಹ ಹಿಡಿಸುವ ಕೆಲಸ. ಗಾಳಿ ಸೋಕಿದ ಗ್ಯಾಲಿಯಂ ಗಾಜಿಗೂ ಅಂಟುತ್ತದೆ. ಅಂಟುವುದು ಮೇಲಿನ ಆಕ್ಸೈಡ್ ಪೊರೆ, ಅದನ್ನು ನೋಡಿ ಮೋಸಹೋಗಬಾರದು. ಲೋಹ ಬಳಿದ ತುಣುಕನ್ನು 5% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ: ಸುಳ್ಳು ಲೇಪ ಕೂಡಲೇ ಮುದುಡಿ ಗುಂಡಾಗಿ ಉದುರುತ್ತದೆ, ನಿಜವಾಗಿ ಹಿಡಿದಿದ್ದರೆ ಕನ್ನಡಿಯಂತೆ ಉಳಿಯುತ್ತದೆ. ಮಾಲಿಬ್ಡಿನಂ ಸ್ಲೀವ್ ಮತ್ತು ಟಿಝಡ್‌ಎಂ (ಟೈಟಾನಿಯಂ, ಜಿರ್ಕೋನಿಯಂ ಬೆರೆತ ಮಾಲಿಬ್ಡಿನಂ) ಶಾಫ್ಟನ್ನು ಹೈಡ್ರೋಜನ್ ಕುಲುಮೆಯಲ್ಲಿ 900 ಡಿಗ್ರಿಗೆ ಕಾಯಿಸಿ, ಗಾಳಿ ತಾಗಿಸದೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿಗೆ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಸಾಗಿಸಬೇಕು. ಅಲ್ಲಿಂದ ಲೋಹ ಬಳಿಯುವ ತನಕ ಒಂದು ಸಣ್ಣ ಹೆಜ್ಜೆ ಇದೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಆರ್ಗಾನ್ ಸೋರಿದರೆ ಒಳಗಿನ ಲೋಹ ಬೂದು ಬಣ್ಣದ ಕೆಸರಾಗಿ ಗ್ರೂವ್ ಕಟ್ಟಿಕೊಳ್ಳುತ್ತದೆ, ಟಾರ್ಕ್ ಏರುತ್ತದೆ. ಕೆಸರನ್ನು ಎಸೆಯಬೇಡಿ, ತೆಳು ಆಮ್ಲದಲ್ಲಿ ಕಲಕಿದರೆ ಬಹುಪಾಲು ಲೋಹ ವಾಪಸ್ ಬರುತ್ತದೆ. ಕಾಲು ಕಿಲೋಗೆ 25–30 ಸಾವಿರ ರೂಪಾಯಿ ಸುರಿದಿದ್ದೇವೆ; 2023ರ ಆಗಸ್ಟ್‌ನಲ್ಲಿ ಚೀನಾ ಗ್ಯಾಲಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಚೌಕಾಸಿಯೂ ನಡೆಯುವುದಿಲ್ಲ. ಆದರೂ ದೊಡ್ಡ ಖರ್ಚು ಗ್ಲೋವ್ ಬಾಕ್ಸ್ ಮತ್ತು ಟಿಝಡ್‌ಎಂ ಗ್ರೈಂಡಿಂಗ್‌ನದು.

ಅಲ್ಯೂಮಿನಿಯಂ ಹತ್ತಿರಕ್ಕೂ ಬರಬಾರದು. ಒಂದು ಹನಿ ಬಿದ್ದ ಕ್ಲಾಂಪ್ ಮರುದಿನ ಬೆರಳಲ್ಲಿ ಪುಡಿಯಾಯಿತು. ಹಿತ್ತಾಳೆ ಫಿಟ್ಟಿಂಗ್, ಬೆಸುಗೆಯ ತವರ ಕೂಡ ಹಾಗೇ ಹೋಗುತ್ತವೆ. ಮಿಶ್ರಲೋಹ ಗಟ್ಟಿಯಾಗುವುದು 15.7 ಡಿಗ್ರಿಗೆ, ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಅಷ್ಟು ಸಾಕು, ಪೈಪಿಗೆ ಹೀಟಿಂಗ್ ಟೇಪ್ ಸುತ್ತಿ.

ತುದಿಯ ಸೀಲಿಗೆ ರಬ್ಬರ್ ಬೇಡ. ಲೋಹ ಹಿಡಿಯದ ಲೇಪನವಿರುವ 50 ಮೈಕ್ರಾನ್ ಸಂದು ಮೇಲ್ಮೈ ಸೆಳೆತದಿಂದಲೇ 15 ಕಿಲೋಪಾಸ್ಕಲ್‌ವರೆಗೆ ತಡೆಯುತ್ತದೆ. ಲೇಪನ ಯಾವುದು ಎನ್ನುವುದೂ ಗುಟ್ಟೇ.

ನಡುವೆ ಒಂದು ಅಡ್ಡ ಪ್ರಯೋಗ: ಎಣ್ಣೆ ಬೇರಿಂಗಿನಲ್ಲಿ ಮಾಡುವಂತೆ ವಿದ್ಯುತ್ ರೋಧ ನೋಡಿ ‘ಶಾಫ್ಟ್ ಸ್ಲೀವಿಗೆ ತಾಗಿತಾ’ ಎಂದು ಹಿಡಿಯಲು ಹೊರಟೆವು. ಇಲ್ಲಿ ಸಂದಿನ ದ್ರವದ ಪೊರೆಯೇ ಲೋಹ, ರೋಧ ನ್ಯಾನೋಓಮ್ ಲೆಕ್ಕದ್ದು. ತಾಗಿದರೂ ತಾಗದಿದ್ದರೂ ಮೀಟರ್ ಒಂದೇ ಹೇಳುತ್ತದೆ. ಲೋಹದ ಮೈ ಎಷ್ಟು ದೂರವಿದೆ ಎಂದು ಮುಟ್ಟದೆ ಅಳೆಯುವ ಎಡ್ಡಿ ಕರೆಂಟ್ ಪ್ರೋಬನ್ನು ಸ್ಲೀವಿನೊಳಗೆ ಕೂರಿಸಿದರೂ ಅದಕ್ಕೆ ಕಾಣುವುದು ಆ ದ್ರವ ಲೋಹವೇ. ಕೊನೆಗೆ ಬೇರಿಂಗಿಗಿಂತ ಮೇಲೆ, ಒಣ ಶಾಫ್ಟಿನ ಎದುರು, 90 ಡಿಗ್ರಿ ಅಂತರದಲ್ಲಿ ಎರಡು ಪ್ರೋಬ್ ಇಟ್ಟಾಗ ಶಾಫ್ಟಿನ ನಡುಬಿಂದು ಸುತ್ತುವ ಕಕ್ಷೆ ಸ್ವಚ್ಛವಾಗಿ ಬಂತು.