ಗಿಣ್ಣದ ಹಾಲಿಗೆ ಎಷ್ಟು ಹಾಲು ಬೆರೆಸಬೇಕು?
ಕೊಟ್ಟಿಗೆಯಿಂದ ಗಿಣ್ಣದ ಹಾಲು ತಂದರೆ (ಕರು ಕುಡಿದು ಮಿಕ್ಕಿದ್ದನ್ನೇ ಕೇಳಿ) ಅಷ್ಟನ್ನೂ ಒಟ್ಟಿಗೆ ಬೇಯಲು ಇಡಬೇಡಿ. ಬೆಲ್ಲ ಕರಗಿಸಿ ಸೋಸಿದ ಮೇಲೆ ಒಂದೇ ಸೌಟು ಚಿಕ್ಕ ಬಟ್ಟಲಿಗೆ ಹಾಕಿ 10 ನಿಮಿಷ ಹಬೆಯಲ್ಲಿಟ್ಟು ನೋಡಿ. ರಬ್ಬರಿನ ಹಾಗೆ ಬಿಗಿದುಕೊಂಡರೆ ಮಾಮೂಲಿ ಹಾಲು ಬೆರೆಸಿ ಇನ್ನೊಂದು ಸೌಟು ಇಡಿ. ಬಟ್ಟಲು ಅಲ್ಲಾಡಿಸಿದಾಗ ಮೆಲ್ಲಗೆ ನಡುಗಿದರೆ ಹದ ಸರಿ. ಗಿಣ್ಣದಲ್ಲಿರುವ ಪ್ರೋಟೀನ್ ಮೊಟ್ಟೆಯಂತೆ ಬಿಸಿಗೆ ಗಟ್ಟಿಯಾಗುತ್ತೆ, ಆದರೆ ಕರೆದ ಹಾಗೆಲ್ಲ ಅದರ ಅಂಶ ಇಳಿಯುತ್ತಾ ಹೋಗುತ್ತೆ. ಹಾಗಾಗಿ ‘ಒಂದು ಪಾಲು ಗಿಣ್ಣದ ಹಾಲಿಗೆ ಎರಡು ಪಾಲು ಮಾಮೂಲಿ ಹಾಲು’ ಅನ್ನೋ ಲೆಕ್ಕ ಎಲ್ಲ ದಿನಕ್ಕೂ ಒಪ್ಪಲ್ಲ. ಕರು ಹಾಕಿ 4-5 ದಿನ ಆಗಿದ್ದರೆ ಮಾತ್ರ ಈ ಉಪಾಯ ನಡೆಯಲ್ಲ, ಎಷ್ಟು ಬೇಯಿಸಿದರೂ ನೀರು ನೀರು. ಅದಕ್ಕೆ ಶ್ಯಾವಿಗೆ ಹಾಕಿ ಪಾಯಸ ಮಾಡಿಬಿಡಿ.