ಅಮ್ಮನ ಪೌರತ್ವ ನನಗೆ ಬಂದ ದಾರಿ

ಅಮ್ಮ ಹುಟ್ಟಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ನಾನು 1979ರಲ್ಲಿ ಮೈಸೂರಿನಲ್ಲಿ. ಅಮ್ಮ ಬ್ರಿಟಿಷ್ ಅಂದಮೇಲೆ ನಾನೂ ಹೌದು ಅಂದುಕೊಂಡು ನೇರವಾಗಿ ಪಾಸ್‌ಪೋರ್ಟಿಗೇ ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ದುಡ್ಡೂ ದಂಡ.

ಆಮೇಲೆ ಕೂತು ಓದಿದಾಗ ವಿಷಯ ತಿಳಿಯಿತು. ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಆಗ ಸಾಮಾನ್ಯವಾಗಿ ಅಪ್ಪನಿಂದ ಮಾತ್ರ ಪೌರತ್ವ ಬರುತ್ತಿತ್ತು, ಅಮ್ಮನಿಂದಲ್ಲ. 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ 1983ರ ಜನವರಿ 1ಕ್ಕೆ ಜಾರಿಯಾದ ಮೇಲಷ್ಟೇ ಇದು ಬದಲಾಯಿತು. ನಾಲ್ಕು ವರ್ಷ ತಡವಾಗಿ ಹುಟ್ಟಿದ್ದರೆ ಈ ಓಡಾಟವೇ ಇರುತ್ತಿರಲಿಲ್ಲ!

ಈ ಅನ್ಯಾಯ ಸರಿಪಡಿಸಲೆಂದೇ ಅದೇ ಕಾಯ್ದೆಗೆ 4ಸಿ ಕಲಂ ಸೇರಿಸಿದ್ದಾರೆ. ಅದಕ್ಕೆ 'ಯುಕೆಎಂ' ಅನ್ನೋ ಅರ್ಜಿ. ಮೊದಲು ಪ್ರಜೆಯಾಗಿ ನೋಂದಣಿ, ಪಾಸ್‌ಪೋರ್ಟ್ ಆಮೇಲೆ.

ನಿಜವಾದ ತಲೆನೋವು ಕಾಗದಗಳದು. ನನ್ನ ಜನನ ಪ್ರಮಾಣಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ, ಬರೀ 'ಹೆಣ್ಣು ಮಗು'. ಹೆಸರು ಸೇರಿಸಲು ಪಾಲಿಕೆಗೆ ಮೂರು ಸಲ ಅಲೆದೆ. ಅಮ್ಮನ ಹೆಸರು ಮದುವೆಯಾದ ಮೇಲೆ ಬದಲಾಗಿತ್ತು, ಹಾಗಾಗಿ ಅವರ ಪೂರ್ಣ ಜನನ ಪ್ರಮಾಣಪತ್ರದ ಜೊತೆ ಮದುವೆಯದನ್ನೂ ಇಟ್ಟೆ.

ಮಂಜೂರಾಯಿತು, ಪ್ರಮಾಣವಚನವೂ ಮುಗಿಯಿತು. ಒಂದು ಮಾತು: ಇದು ತಾನಾಗಿ ಬಂದದ್ದಲ್ಲ, ಕೇಳಿ ಪಡೆದದ್ದು. ಹಾಗಾಗಿ ಭಾರತದ ಪೌರತ್ವ ಹೋಗುತ್ತದೆ. ಹಳೇ ಪಾಸ್‌ಪೋರ್ಟ್ ಒಪ್ಪಿಸಿದೆ, ಈಗ ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಿದ್ದೇನೆ.