ನಸುಕಿನಲ್ಲಿ ಕಿರುಗುಟ್ಟುವ ಸಸ್ಪೆನ್ಷನ್: ಕಾರು ತಣ್ಣಗಿರುವಾಗಲೇ ಹಿಡಿಯಿರಿ

ಡಿಸೆಂಬರ್, ಜನವರಿಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ ಬೆಳಗಿನ ಉಷ್ಣಾಂಶ 10 ಡಿಗ್ರಿ ಹತ್ತಿರಕ್ಕೆ ಇಳಿಯುವ ದಿನಗಳುಂಟು. ನಸುಕಿನಲ್ಲಿ ಕಾರು ಹೊರಗೆ ತೆಗೆದರೆ ಓಣಿಯ ಮೊದಲ ಉಬ್ಬಿಗೇ ಮುಂದಿನ ಚಕ್ರದ ಕಡೆಯಿಂದ ‘ಕಿರ್ರ್’. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಸದ್ದೇ ಇರುವುದಿಲ್ಲ. ಮೆಕ್ಯಾನಿಕ್ ಒಂದು ಸುತ್ತು ಹೊಡೆದು ‘ಏನೂ ಇಲ್ಲ ಬಿಡ್ರಿ’ ಅನ್ನುತ್ತಾನೆ, ಇಲ್ಲವೇ ಅಂದಾಜಿನ ಮೇಲೆ ಶಾಕಪ್ ಜೋಡಿಯನ್ನೇ ಬದಲಿಸಿ ಅನ್ನುತ್ತಾನೆ. ತಣ್ಣಗಿದ್ದಾಗ ಬರುವ ಸದ್ದನ್ನು ತಣ್ಣಗಿದ್ದಾಗಲೇ, ಮನೆಯ ಮುಂದೆಯೇ ಹುಡುಕಬೇಕು.

ಚಳಿ ಹೊಸ ರೋಗ ತರುವುದು ಕಡಿಮೆ. ಇದ್ದದ್ದನ್ನು ಬಯಲಿಗೆ ತರುತ್ತದೆ. ಮಳೆಗಾಲ ಮುಗಿದ ಮೇಲೆ ಎರಿ ಮಣ್ಣು ಒಣಗಿ ಕುಗ್ಗಿ ರಸ್ತೆ ಅಲೆಅಲೆಯಾಗಿರುತ್ತದೆ. ಅದರ ಮೇಲೆ ಕಬ್ಬಿನ ಹಂಗಾಮು. ಮುಧೋಳ, ಜಮಖಂಡಿ, ಅಥಣಿ ಸುತ್ತ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡಾಡಿ ಡಾಂಬರಿನ ಅಂಚು ಕಿತ್ತುಹೋಗಿರುತ್ತದೆ. ಬುಷ್‌ಗಳು, ಅಂದರೆ ಲೋಹದ ಭಾಗಗಳ ನಡುವಿನ ರಬ್ಬರ್ ಮೆತ್ತೆಗಳು, ಸವೆದಿರುವುದು ಅಲ್ಲೇ. ತಂಪಿಗೆ ರಬ್ಬರ್ ಬಿರುಸಾಗಿ ಒಂದಿಷ್ಟು ಕುಗ್ಗಿದಾಗ ಸವೆದ ಬುಷ್ ಸ್ಟೆಬಿಲೈಸರ್ ಬಾರನ್ನು (ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಬದಿಗಳನ್ನು ಜೋಡಿಸುವ ಕಂಬಿ) ಗಟ್ಟಿಯಾಗಿ ಹಿಡಿಯಲಾರದು. ಬಾರ್ ಒಳಗೆ ಹಿಡಿದು, ಜಾರಿ, ಮತ್ತೆ ಹಿಡಿಯುತ್ತದೆ. ಕಿರುಗುಟ್ಟುವುದು ಇದೇ. ನಾಲ್ಕೈದು ಕಿಲೋಮೀಟರ್ ಓಡಿ, ಬಿಸಿಲೂ ಏರಿದರೆ ರಬ್ಬರ್ ಮೆತ್ತಗಾಗಿ ಸುಮ್ಮನಾಗುತ್ತದೆ.

ಹುಡುಕಲು ಇಬ್ಬರು ಬೇಕು. ಕಾರು ರಾತ್ರಿಯಿಡೀ ಹೊರಗೆ ನಿಂತಿರಲಿ, ಎಂಜಿನ್ ಚಾಲೂ ಮಾಡಬೇಡಿ. ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ, ಆ ಬಾರಿನ ತುದಿಗೆ ಜೋಡಿಸಿದ ಲಿಂಕ್ ರಾಡ್ ಕಾಣುತ್ತದೆ. ಒಬ್ಬರು ಹೆಡ್‌ಲೈಟ್ ಪಕ್ಕದ ಫೆಂಡರನ್ನು ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಲಿಂಕ್ ರಾಡ್ ಮೇಲೆ, ಆಮೇಲೆ ಬಾರ್ ಮೇಲೆ ಬೆರಳಿಟ್ಟು ನೋಡಲಿ. ಕಿರುಗುಟ್ಟುವ ಭಾಗ ಬೆರಳಿಗೆ ‘ಝುಂ’ ಅನ್ನುತ್ತದೆ. ಸ್ಪ್ರಿಂಗ್ ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ.

ಆಮೇಲೆ ನೀರಿನ ಪರೀಕ್ಷೆ. ಬಾಟಲಿ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಅರ್ಧ ಲೀಟರ್ ಉಗುರುಬೆಚ್ಚಗಿನ ನೀರನ್ನು ಬಾರ್ ಹಿಡಿದಿರುವ ಡಿ ಬುಷ್ ಮೇಲೆ ಹಿಂಡಿ. ಸದ್ದು ತಕ್ಷಣ ನಿಂತು, ಒಣಗಿದ ಮೇಲೆ ಮರಳಿದರೆ ಕಳ್ಳ ಸಿಕ್ಕಂತೆಯೇ. ನಿಲ್ಲದಿದ್ದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್‌ಗೆ ಹಾಕಿ ನೋಡಿ. ಆ ಆರ್ಮಿನ ತುದಿಯ ಗುಂಡುಕೀಲು, ಅಂದರೆ ಬಾಲ್ ಜಾಯಿಂಟ್‌ಗೆ ಈ ಪರೀಕ್ಷೆ ಬೇಡ; ಅಲ್ಲಿ ನೋಡಬೇಕಾದದ್ದು ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದಿದೆಯೇ ಅನ್ನುವುದು. ಹರಿದಿದ್ದರೆ ನೀರು, ಧೂಳು ಒಳಗೆ ಸೇರಿ ಗ್ರೀಸ್ ಕೆಟ್ಟಿರುತ್ತದೆ.

ಡಿ ಬುಷ್ ಬದಲಿಸುವುದು ದೊಡ್ಡ ಕೆಲಸವಲ್ಲ, ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಬಾರಿನ ದಪ್ಪಕ್ಕೆ ಸರಿಹೊಂದುವುದನ್ನೇ ತನ್ನಿ. ಒಂದು ಮಿಲಿಮೀಟರ್ ಸಡಿಲವಿದ್ದರೂ ಹೊಸ ಬುಷ್ಷೇ ‘ಟಕ್ ಟಕ್’ ಅನ್ನುತ್ತದೆ. ಹಳೆಯದರ ಸೀಳು ಯಾವ ಕಡೆಗಿತ್ತೋ ಹೊಸದರದೂ ಅತ್ತಲೇ ಇರಲಿ. ಬಾರಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಒರೆಸಿ. ಎರಡೂ ಮುಂಗಾಲಿಗಳು ಒಂದೇ ಎತ್ತರದಲ್ಲಿರಬೇಕು. ಒಂದನ್ನಷ್ಟೇ ಜಾಕ್ ಹಚ್ಚಿ ಎತ್ತಿದರೆ ಬಾರ್ ತಿರುಚಿಕೊಂಡು ಕ್ಲಾಂಪ್ ಬೋಲ್ಟ್ ಅಡ್ಡ ಕೂರುತ್ತದೆ. ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ.

ಲೋಯರ್ ಆರ್ಮ್ ಬುಷ್ ವಿಷಯದಲ್ಲಿ ಗ್ಯಾರೇಜಿನವರೇ ಹೆಚ್ಚು ತಪ್ಪುತ್ತಾರೆ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಪಾನಾ ಹಾಕಿ ಬೋಲ್ಟ್ ಪೂರ್ತಿ ಬಿಗಿದುಬಿಡುತ್ತಾರೆ. ಕಾರು ಕೆಳಗಿಳಿದಾಗ ಆರ್ಮ್ ಮೇಲೇರಿ, ಒಳಗೆ ಅಂಟಿಸಿದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಬಿರುಸಾದ ರಬ್ಬರಿಗೆ ಇದು ಸಾಕು, ಬೇಗ ಹರಿಯುತ್ತದೆ. ಮೊದಲು ಕೈಬಿಗಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಬಳಿಕ ಕೊನೆಯ ಬಿಗಿ. ನಿಮ್ಮ ಎದುರಿಗೇ ಹೀಗೆ ಮಾಡಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ವಾಷಿಂಗ್ ಸೆಂಟರಿನಲ್ಲಿ ‘ಕೆಳಗೆ ಆಯಿಲ್ ಹೊಡೀಲೇನ್ರಿ’ ಅಂದರೆ ಬೇಡ ಅನ್ನಿ. ಡೀಸೆಲ್, ಹಳೆ ಎಂಜಿನ್ ಆಯಿಲ್ ಹೊಡೆದರೆ ಸದ್ದು ಎರಡು ದಿನ ನಿಲ್ಲುವುದು ನಿಜ, ಆದರೆ ರಬ್ಬರ್ ಉಬ್ಬಿ ಮೆತ್ತಗಾಗಿ ಕೆಡುತ್ತದೆ. ತಾತ್ಕಾಲಿಕವಾಗಿ ಸಿಲಿಕೋನ್ ಸ್ಪ್ರೇ ನಡೆಯುತ್ತದೆ.

ಬೇರೆ ಸದ್ದುಗಳ ಅರ್ಥ ಬೇರೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ‘ಟಂಗ್’ ಎಂದು ಸ್ಪ್ರಿಂಗ್ ಹಾರಿದಂತಾದರೆ ಸ್ಟ್ರಟ್ (ಸ್ಪ್ರಿಂಗ್, ಶಾಕಪ್ ಸೇರಿದ ಜೋಡಣೆ) ಮೌಂಟಿನ ಬೇರಿಂಗ್ ನೋಡಿಸಿ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಸ್ಟ್ರಟ್ಟಿನ ಮೇಲಿನ ನಟ್ ಬಿಚ್ಚುವುದು ಪ್ರಾಣಕ್ಕೆ ಅಪಾಯ. ಬೊಲೆರೊದ ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಕಿರುಗುಟ್ಟಿದರೆ ಪಾಟಾಗಳ ನಡುವಿನ ಮಣ್ಣು ತೊಳೆಸಿ, ಪಾಟಾ ತುದಿಯ ಕೊಂಡಿಯ (ಶ್ಯಾಕಲ್) ಬುಷ್ ನೋಡಿ.

ಶಾಕಪ್ ಮೇಲೆ ತೆಳ್ಳನೆಯ ಎಣ್ಣೆ ಬೆವರು ಕಂಡರೆ ಗಾಬರಿ ಬೇಡ. ಬಟ್ಟೆಯಿಂದ ಒರೆಸಿ, ಎರಡು ದಿನ ಓಡಿಸಿ ನೋಡಿ. ಮತ್ತೆ ಹಸಿಯಾಗಿ ಕೆಳಗೆ ಹರಿದಿದ್ದರೆ ಸೀಲ್ ಹೋಗಿದೆ, ಎಡಬಲ ಜೋಡಿಯಾಗಿಯೇ ಬದಲಿಸಿ.

ನೀರು ಹೆಪ್ಪುಗಟ್ಟುವ ಚಳಿ ನಮ್ಮಲ್ಲಿಲ್ಲ. ಆದರೆ ಬೆಳಗಾವಿಯಿಂದ ಕಾರಿನಲ್ಲೇ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ ಲಾಹೌಲ್ ನೋಡಿಬರುವವರಿದ್ದಾರೆ. ಅಲ್ಲಿ ಶೂನ್ಯಕ್ಕಿಂತ ಕೆಳಗೆ ಶಾಕಪ್ಪಿನ ಎಣ್ಣೆಯೇ ದಪ್ಪಗಾಗುತ್ತದೆ. ಹೊರಟ ಕೂಡಲೇ ಗುಂಡಿಗೆ ಜೋರಾಗಿ ಇಳಿಸಿದರೆ ಹಳೆಯ ಸೀಲ್ ಸೋರಲು ಶುರುವಾಗಬಹುದು. ಮೊದಲ ನಾಲ್ಕೈದು ಕಿಲೋಮೀಟರ್ 20–30ರ ವೇಗ ಸಾಕು. ಹರಿದ ಬೂಟಿನೊಳಗಿನ ನೀರು ಅಲ್ಲಿ ಮಂಜುಗಡ್ಡೆಯಾಗುವುದರಿಂದ ಬಾಲ್ ಜಾಯಿಂಟನ್ನು ಊರಲ್ಲೇ ಬದಲಿಸಿ ಹೊರಡಿ. ಬೆಳಿಗ್ಗೆ ಸ್ಟೇರಿಂಗ್ ನಡುಗಿದರೆ ಮೊದಲು ರಿಮ್ಮಿನ ಒಳಮೈ ನೋಡಿ, ಒಂದೇ ಕಡೆ ಅಂಟಿದ ಹಿಮ ಚಕ್ರದ ಬ್ಯಾಲೆನ್ಸ್ ಕೆಡಿಸಿರುತ್ತದೆ. ಕಟ್ಟಿಗೆಯಿಂದ ಕೆರೆದು ತೆಗೆಯಿರಿ. ಸುತ್ತಿಗೆ ಬೇಡ, ಕುದಿಯುವ ನೀರೂ ಬೇಡ.

ಗಾಳಿಯ ಲೆಕ್ಕ ಸ್ವಲ್ಪ ಮೋಜಿನದು. ಉಷ್ಣಾಂಶ ಸುಮಾರು 5–6 ಡಿಗ್ರಿ ಇಳಿದರೆ ಟೈರಿನಲ್ಲಿ ಗಾಳಿಯ ಒತ್ತಡ 1 ಪಿಎಸ್ಐ ಇಳಿಯುತ್ತದೆ. ನಮ್ಮಲ್ಲೇ ಮಧ್ಯಾಹ್ನ 30 ಡಿಗ್ರಿಯಲ್ಲಿ ತುಂಬಿಸಿದ್ದು ನಸುಕಿಗೆ 3 ಪಿಎಸ್ಐ ಕಡಿಮೆ ತೋರಿಸಬಹುದು. ಆದರೆ 3,000 ಮೀಟರ್ ಎತ್ತರದಲ್ಲಿ ಹೊರಗಿನ ವಾಯುಒತ್ತಡವೂ ಕಡಿಮೆಯಾದ್ದರಿಂದ ಗೇಜ್ ಅಷ್ಟೊಂದು ಇಳಿಕೆ ತೋರಿಸದು. ಇಲ್ಲಿಂದಲೇ ಲೆಕ್ಕ ಹಾಕಿ ಹೆಚ್ಚು ತುಂಬಿಸಿಕೊಂಡು ಹೋಗಬೇಡಿ. ಅಲ್ಲೇ ಬೆಳಿಗ್ಗೆ, ಕಾರು ಅಲುಗಿಸುವ ಮೊದಲು ಗೇಜ್ ಹಚ್ಚಿ, ಬಾಗಿಲ ಚೌಕಟ್ಟಿನ ಮೇಲೆ ಬರೆದಷ್ಟೇ ಇಡಿ. ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ.